ದೊಡ್ಡವರಿಗೆ ಮೊಬೈಲ್ ಕಲಿಸುವುದು: ಮನೆಯಲ್ಲೋ, ಸಂಘದಲ್ಲೋ, ತರಬೇತಿ ಕೇಂದ್ರದಲ್ಲೋ?

ಅಮ್ಮನಿಗೆ ಫೋನ್ ಬಳಸಲು ಕಲಿಸಬೇಕು, ಎಲ್ಲಿಗೆ ಸೇರಿಸಿದರೆ ಒಳ್ಳೆಯದು ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳಿದ್ದಾರೆ, ಸ್ವಸಹಾಯ ಸಂಘದ ಪ್ರತಿನಿಧಿಗಳಿದ್ದಾರೆ, ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರೂ ಇದ್ದಾರೆ. ಪಹಣಿ, ಪಿಂಚಣಿ, ಹಾಲಿನ ದುಡ್ಡು, ಗ್ಯಾಸ್ ಬುಕಿಂಗ್ ಎಲ್ಲವೂ ಫೋನಿಗೆ ಬಂದು ನಿಂತಿರುವಾಗ ಕಲಿಯಬೇಕೋ ಬೇಡವೋ ಎಂಬ ಚರ್ಚೆ ಮುಗಿದಿದೆ. ಉಳಿದಿರುವುದು ಯಾರ ಹತ್ತಿರ, ಹೇಗೆ ಎಂಬುದಷ್ಟೇ.

ದಾರಿಗಳು ಮುಖ್ಯವಾಗಿ ನಾಲ್ಕು. ಮನೆಯವರೇ ಕಲಿಸುವುದು; ಸಂಘದ ಸಭೆಯಲ್ಲೋ ಅರಿವು ಕೇಂದ್ರದಲ್ಲೋ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲೋ, ಗುಂಪಾಗಿ ಕಲಿಯುವುದು; ತರಬೇತಿ ಕೇಂದ್ರದಲ್ಲಿ ಕೋರ್ಸ್ ಮಾಡುವುದು; ವಿಡಿಯೊ ನೋಡಿ ತಾವೇ ಕಲಿಯುವುದು. ವಯಸ್ಕರಿಗೆ ಕಲಿಸುವ ಕೆಲಸದಲ್ಲಿ ಬಹಳ ಕಾಲದಿಂದ ಇರುವ ನಾನು ಇವುಗಳಲ್ಲಿ ಯಾವುದನ್ನೂ ಎಲ್ಲರಿಗೂ ಒಪ್ಪುತ್ತದೆ ಎಂದು ಹೇಳಲಾರೆ. ಆದರೆ ಅಳೆಯುವ ಕೋಲು ಒಂದೇ ಎಂದು ಖಚಿತವಾಗಿ ಹೇಳಬಲ್ಲೆ: ಕಲಿತು ಮೂರು ವಾರವಾದ ಮೇಲೆ ಮರೆತುಹೋದರೆ, ಸಂಕೋಚವಿಲ್ಲದೆ ಹೋಗಿ ಕೇಳಲು ಹತ್ತಿರದಲ್ಲಿ ಯಾರಿದ್ದಾರೆ? ಅಂಥವರು ಎಲ್ಲಿದ್ದಾರೋ ಅಲ್ಲಿ ಕಲಿಸಿ. ಶುಲ್ಕ, ಪ್ರಮಾಣಪತ್ರ, ಪಠ್ಯಕ್ರಮ ಎಲ್ಲ ಆಮೇಲಿನ ಮಾತು.

ಆರಿಸುವ ಮೊದಲು

ಮಕ್ಕಳು ನಾಳೆಗೆಂದು ಕಲಿಯುತ್ತಾರೆ. ದೊಡ್ಡವರಿಗೆ ಇವತ್ತೇ ಆಗಬೇಕಾದ ಒಂದು ಕೆಲಸ ಇರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಂದಿದೆಯೇ ನೋಡಬೇಕು, ದೂರದಲ್ಲಿರುವ ಮಗಳ ಮುಖ ನೋಡಿ ಮಾತನಾಡಬೇಕು, ಜಮೀನಿನ ಪಹಣಿ ತೆಗೆಯಬೇಕು, ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡಬೇಕು. 'ಫೋನ್ ಕಲಿಯಬೇಕು' ಎಂದು ಬರುವವರಿಗೂ ಒಳಗೆ ಇಂಥದ್ದೊಂದು ಆಸೆ ಇದ್ದೇ ಇರುತ್ತದೆ. ಅದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಮೊಮ್ಮಗುವಿನ ಮುಖ ನೋಡಲು ಬಂದ ಅಜ್ಜಿಗೆ ಮೊದಲ ದಿನ ಇಮೇಲ್ ಖಾತೆ ತೆರೆಯುವುದನ್ನು ಕಲಿಸಿದರೆ ಎರಡನೆಯ ದಿನ ಅವರು ಬರುವುದಿಲ್ಲ.

ಕೆಲಸ ಗೊತ್ತಾದ ಮೇಲೆ ಇನ್ನೊಂದು ವಿಷಯ ಪರೀಕ್ಷಿಸಬೇಕು. ಇದನ್ನು ಬಿಟ್ಟು ಹೊರಟವರ ಮೊದಲ ಪಾಠವೇ ಹಾಳಾಗುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಬ್ಯಾಂಕ್ ಖಾತೆಗೆ ಜೋಡಿಸಿರುವ ಮೊಬೈಲ್ ಸಂಖ್ಯೆ ಯಾರದ್ದು? ಖಾತೆ ತಾಯಿಯ ಹೆಸರಿನಲ್ಲಿರುತ್ತದೆ, ಸಂಖ್ಯೆ ಮಾತ್ರ ಮಗನದ್ದೋ ಅಳಿಯನದ್ದೋ ಆಗಿರುತ್ತದೆ. ಯುಪಿಐ ನೋಂದಣಿಗೆ ಖಾತೆಗೆ ಜೋಡಿಸಿದ ಸಿಮ್ ಅದೇ ಫೋನಿನಲ್ಲಿ ಇರಬೇಕು. ಹಾಗಾಗಿ ಬ್ಯಾಂಕಿನ ಕೆಲಸ ಕಲಿಯಬೇಕೆಂದಿದ್ದರೆ ಪಾಸ್‌ಬುಕ್, ಆಧಾರ್ ಹಿಡಿದು ಶಾಖೆಗೆ ಹೋಗಿ ಅರ್ಜಿ ಕೊಟ್ಟು ಸಂಖ್ಯೆ ಬದಲಾಯಿಸುವುದೇ ಮೊದಲ ಹೆಜ್ಜೆ. ತಮ್ಮ ಹಣದ ಸಂದೇಶ ತಮ್ಮದೇ ಫೋನಿಗೆ ಬರಬೇಕು ಎಂದು ಕೇಳುವ ಧೈರ್ಯ ಬಂದರೆ ಅರ್ಧ ಪಾಠ ಅಲ್ಲಿಗೇ ಆಯಿತು.

ಓದು ಬರಹ ಬಾರದವರು ಮೊದಲು ಅಕ್ಷರ ಕಲಿತು ಬರಲಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡೇರಿಗೆ ಹಾಲು ಹಾಕುವ ಹೆಂಗಸು ಚೀಟಿಯಲ್ಲಿ ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಮೊತ್ತ ಎಷ್ಟು ಎಂದು ದಿನಕ್ಕೆ ಎರಡು ಬಾರಿ ನೋಡುತ್ತಾಳೆ. ಅಂಕಿ ಗೊತ್ತಿರುವವರಿಗೆ ಫೋನಿನ ಬಾಗಿಲು ತೆರೆದೇ ಇದೆ. 2022ರಿಂದ 2027ರವರೆಗೆ ನಡೆಯುವ ಕೇಂದ್ರದ ನವ ಭಾರತ ಸಾಕ್ಷರತಾ ಕಾರ್ಯಕ್ರಮವೂ, ಅಂದರೆ 'ಉಲ್ಲಾಸ್' ಕೂಡ, 15 ವರ್ಷ ದಾಟಿದವರಿಗೆ ಅಕ್ಷರ ಮತ್ತು ಲೆಕ್ಕದ ಜೊತೆಗೆ ಡಿಜಿಟಲ್ ಮತ್ತು ಹಣಕಾಸಿನ ತಿಳಿವಳಿಕೆಯನ್ನೂ ಸೇರಿಸಿಕೊಂಡಿದೆ. ಎರಡೂ ಒಟ್ಟಿಗೆ ಸಾಗಬಹುದು. ಸಂದೇಶದಲ್ಲಿ ಬಂದ ತನ್ನ ಹೆಸರನ್ನು ಗುರುತಿಸುವ ಆಸೆಯಿಂದಲೇ ಅಕ್ಷರಕ್ಕೆ ಬಂದವರು ಇದ್ದಾರೆ.

ಮನೆಯವರು ಕಲಿಸಿದರೆ

ಖರ್ಚಿಲ್ಲ, ಫೋನ್ ತಮ್ಮದೇ, ಮಾತು ತಮ್ಮದೇ, ಸಂಜೆ ಮತ್ತೆ ಕೇಳಬಹುದು. ಇಷ್ಟು ಅನುಕೂಲ ಬೇರೆ ಯಾವ ದಾರಿಯಲ್ಲೂ ಇಲ್ಲ. ಆದರೂ ಮನೆಯಲ್ಲಿ ಕಲಿಕೆ ನಿಂತುಹೋಗುವುದು ಒಂದೇ ಮಾತಿನಿಂದ: 'ಕೊಡಮ್ಮ ಇಲ್ಲಿ'. ಮಗ ಫೋನ್ ಕಿತ್ತುಕೊಂಡು ಕ್ಷಣದಲ್ಲಿ ಕೆಲಸ ಮುಗಿಸಿ ಕೈಗಿಡುತ್ತಾನೆ. ಅವನಿಗೆ ಸಹಾಯ ಮಾಡಿದೆನೆಂಬ ಸಮಾಧಾನ. ತಾಯಿ ಕಲಿಯುವುದು ಮಾತ್ರ ಒಂದೇ, ಇದು ತನ್ನಿಂದಾಗದು ಎಂದು.

ಆದ್ದರಿಂದ ಮನೆಯಲ್ಲಿ ಕಲಿಸುವವರು ಯಾರೇ ಆಗಲಿ, ಫೋನ್ ಕಲಿಯುವವರ ಕೈಯಿಂದ ಕದಲಬಾರದು. ಬೆರಳು ಅವರದ್ದು, ಬಾಯಿ ಮಾತ್ರ ನಿಮ್ಮದು. 'ಮೇಲೆ ಬಲಗಡೆ ಮೂರು ಚುಕ್ಕೆ ಇದೆಯಲ್ಲ, ಅದನ್ನು ಮುಟ್ಟಮ್ಮ' ಎಂದು ಹೇಳಿ ಕಾಯಬೇಕು. ಕಾಯುವುದೇ ಕಷ್ಟ. ಈ ತಾಳ್ಮೆ ಮಕ್ಕಳಿಗಿಂತ ಮೊಮ್ಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತದೆ. ಎಂಟನೆಯ ತರಗತಿಯ ಹುಡುಗಿಗೆ ಅಜ್ಜಿಯ ಮೇಷ್ಟ್ರಾಗುವುದು ಹೆಮ್ಮೆಯ ಕೆಲಸ, ಅಜ್ಜಿಗೂ ಅವಳ ಮುಂದೆ ತಪ್ಪಲು ನಾಚಿಕೆಯಿಲ್ಲ. ಮಾವ ಸೊಸೆಯನ್ನು ಕೇಳಲು ಹಿಂಜರಿಯುವ ಮನೆಯಲ್ಲಿ ಈ ಹುಡುಗಿಯೇ ದೊಡ್ಡ ಆಸರೆ.

ಹಣದ ವಿಷಯದಲ್ಲಿ ಮಾತ್ರ ಮನೆಯ ಪಾಠಕ್ಕೆ ಒಂದು ಮಿತಿಯಿದೆ. ಪಿನ್ ಹಾಕಿಕೊಡುವವರಿಗೆ ಪಿನ್ ಗೊತ್ತಿರುತ್ತದೆ. ಹೆಣ್ಣುಮಕ್ಕಳ ಹೆಸರಿಗೆ ತಿಂಗಳು ತಿಂಗಳು ಹಣ ಬರುವ ಈ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಗಂಡನೋ ಮಗನೋ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಖಾತೆಯ ಕೀಲಿ ಖಾತೆದಾರರ ಕೈಯಲ್ಲೇ ಇರಬೇಕು ಎನ್ನುತ್ತಿದ್ದೇನೆ. ಪಿನ್ ಹಾಕುವ ಹೊತ್ತಿಗೆ ಕಲಿಸುವವರು ಎದ್ದು ಆಚೆ ಹೋಗಿ ನಿಲ್ಲಬೇಕು. ಇಬ್ಬರ ನಡುವೆ ಎಷ್ಟೇ ಸಲಿಗೆಯಿದ್ದರೂ ಮುಖ ತಿರುಗಿಸುವ ಈ ರೂಢಿ ಬೇಕು. ಮನೆಯಲ್ಲಿ ಅದು ಸಾಧ್ಯವಿಲ್ಲ ಎನಿಸಿದರೆ, ಕರೆ ಮಾಡುವುದು, ಫೋಟೊ ಕಳುಹಿಸುವುದು ಮನೆಯಲ್ಲಿ ಕಲಿಯಲಿ, ಬ್ಯಾಂಕಿನ ಕೆಲಸವನ್ನು ಹೊರಗೆ ಕಲಿಯಲಿ.

ಮಕ್ಕಳು ದುಬೈಯಲ್ಲೋ ಅಮೆರಿಕದಲ್ಲೋ ಇದ್ದರೆ ವಾಟ್ಸ್‌ಆ್ಯಪ್ ವಿಡಿಯೊ ಕರೆಯಲ್ಲೇ ಪರದೆ ಹಂಚಿಕೊಂಡು ಕಲಿಸಬಹುದು. 2023ರಿಂದ ಆ ಸೌಲಭ್ಯ ಇದೆ. ಅಪ್ಪನ ಫೋನಿನಲ್ಲಿ ಏನು ಕಾಣುತ್ತಿದೆಯೋ ಅದು ಮಗಳಿಗೂ ಕಾಣುತ್ತದೆ, ಆದರೆ ಅವಳು ಕೈಹಾಕಲಾರಳು. ಹೀಗಾಗಿ 'ಕೊಡಿ ಇಲ್ಲಿ' ಎನ್ನುವ ಪ್ರಶ್ನೆಯೇ ಬರುವುದಿಲ್ಲ. ಆದರೆ ವಂಚಕರೂ ಇದೇ ಉಪಾಯ ಬಳಸುತ್ತಾರೆ. ಪರದೆ ಹಂಚಿಕೊಳ್ಳುವುದು ತಾವಾಗಿ ಮಾಡಿದ ಕರೆಯಲ್ಲಿ ಮನೆಯವರ ಜೊತೆ ಮಾತ್ರ, ಬ್ಯಾಂಕಿನ ಆ್ಯಪ್ ತೆರೆದಿರುವಾಗ ಯಾರ ಜೊತೆಗೂ ಇಲ್ಲ ಎಂಬುದನ್ನು ಅದೇ ಕರೆಯಲ್ಲಿ ಮನದಟ್ಟು ಮಾಡಿಸಬೇಕು.

ಗುಂಪಿನಲ್ಲಿ ಕಲಿತರೆ

ಹಳ್ಳಿಯ ಹೆಂಗಸರಿಗೆ ನಾನು ಮೊದಲು ಸೂಚಿಸುವುದು ಸ್ವಸಹಾಯ ಸಂಘವನ್ನು. ಹತ್ತರಿಂದ ಇಪ್ಪತ್ತು ಮಂದಿ, ವಾರವಾರ ಸಭೆ, ಒಬ್ಬರ ಕಷ್ಟ ಒಬ್ಬರಿಗೆ ಗೊತ್ತು, ಉಳಿತಾಯ ಮತ್ತು ಸಾಲದ ಲೆಕ್ಕ ಆಗಲೇ ಬಾಯಿಗೆ ಬಂದಿರುತ್ತದೆ. 'ನಿನಗೂ ಬರಲಿಲ್ಲವೇ? ಬಾ, ಇಬ್ಬರೂ ಸೇರಿ ನೋಡೋಣ' ಎಂಬ ಮಾತು ಅಲ್ಲಿ ಹುಟ್ಟುತ್ತದೆ. ಆ ಮಾತಿಗೆ ಸಮನಾದ ಬೋಧನಾ ವಿಧಾನ ನನಗೆ ಗೊತ್ತಿಲ್ಲ.

ಇದು ಹೊಸ ಅರಿವೂ ಅಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಗಿ, 1990ರಲ್ಲಿ ಕೇರಳದ ಎರ್ನಾಕುಳಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎನಿಸಿದ್ದು ನೆರೆಹೊರೆಯ ಸ್ವಯಂಸೇವಕರಿಂದ. ನಮ್ಮ ಜಿಲ್ಲೆಗಳಲ್ಲೂ ಆಮೇಲೆ ಅದೇ ಬಗೆಯ ಆಂದೋಲನ ನಡೆಯಿತು. ಜಗಲಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಪಾಠ ಹೇಳಿದವರು ಪಕ್ಕದ ಮನೆಯವರೇ. ಆಂದೋಲನ ತಣ್ಣಗಾದ ಮೇಲೆ ಓದಲು ಏನೂ ಇಲ್ಲದ, ಕೇಳಲು ಯಾರೂ ಇಲ್ಲದ ಕಡೆ ಕಲಿತ ಅಕ್ಷರ ಮರೆತೂ ಹೋಯಿತು. ಮೂರು ವಾರದ ಪ್ರಶ್ನೆಯನ್ನು ನಾನು ಅಳತೆಗೋಲಾಗಿ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ.

ಗುಂಪಿನ ಕಷ್ಟಗಳನ್ನೂ ಹೇಳಬೇಕು. ಹದಿನೈದು ಮಂದಿಯ ಬಳಿ ಹತ್ತು ಬಗೆಯ ಫೋನ್ ಇರುತ್ತವೆ. ಒಂದರಲ್ಲಿ ಸೆಟ್ಟಿಂಗ್ಸ್ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ. ಒಬ್ಬರೇ ಮುಂದೆ ನಿಂತು ಎಲ್ಲರಿಗೂ ಪಾಠ ಹೇಳಲು ಹೊರಟರೆ ಗದ್ದಲವಾಗುತ್ತದೆ, ಚುರುಕಾದ ಇಬ್ಬರು ಕಲಿಯುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಜೋಡಿ ಮಾಡಿ ಕೂರಿಸುವುದೇ ಇದಕ್ಕೆ ಮದ್ದು. ಒಂದು ಸಭೆಗೆ ಒಂದೇ ಕೆಲಸ ಸಾಕು. ಉಳಿತಾಯ ಸಂಗ್ರಹ ಮುಗಿದ ಮೇಲೆ ಪಾಠ ಇಟ್ಟುಕೊಳ್ಳಿ. ಮೊದಲೇ ಇಟ್ಟರೆ ಹೊಲದಿಂದ ತಡವಾಗಿ ಬರುವವರಿಗೆ ಅದು ತಪ್ಪಿಹೋಗುತ್ತದೆ, ಸಾಮಾನ್ಯವಾಗಿ ಪಾಠ ಹೆಚ್ಚು ಬೇಕಾಗಿರುವುದೂ ಅವರಿಗೇ. ಮುಂದಿನ ವಾರ ಹೊಸದನ್ನು ಹೇಳುವ ಮೊದಲು ಹಳೆಯದನ್ನು ಒಬ್ಬರು ಇನ್ನೊಬ್ಬರಿಗೆ ಮಾಡಿ ತೋರಿಸಲಿ.

ಗುಂಪಿನಲ್ಲಿ ಬೆರಳಿನ ಕಡೆ ಗಮನ ಕೊಡಿ. ಕೀಪ್ಯಾಡ್ ಫೋನಿಗೆ ಒಗ್ಗಿದ ಕೈ ಗುಂಡಿಯನ್ನು ಒತ್ತಿ ಹಿಡಿಯುತ್ತದೆ. ಸ್ಮಾರ್ಟ್‌ಫೋನಿನಲ್ಲಿ ಹಾಗೆ ಒತ್ತಿ ಹಿಡಿದರೆ ಅದರ ಅರ್ಥವೇ ಬೇರೆ: ಚಿತ್ರಗಳು ಜಾಗ ಬಿಟ್ಟು ಓಡಾಡುತ್ತವೆ, ಕೆಲವೊಮ್ಮೆ ಆ್ಯಪೇ ಅಳಿಸಿಹೋಗುತ್ತದೆ. ಆಗ ಅವರು ಫೋನ್ ಕೆಟ್ಟಿತು ಎಂದು ಹೆದರಿ ಬದಿಗಿಡುತ್ತಾರೆ. ನೆಲಗಡಲೆ ಸುಲಿದು, ಗುದ್ದಲಿ ಹಿಡಿದು ಜಡ್ಡುಗಟ್ಟಿದ ಒಣ ಬೆರಳನ್ನು ಪರದೆ ಕೆಲವು ಸಲ ಗುರುತಿಸುವುದೂ ಇಲ್ಲ, ಅದಕ್ಕೇ ಇನ್ನಷ್ಟು ಒತ್ತುತ್ತಾರೆ. ಕುಂಕುಮ ಇಡುವಷ್ಟೇ ಹಗುರವಾಗಿ ಮುಟ್ಟಿ ಎಂದರೆ ಸಂಘದ ಅಕ್ಕಂದಿರಿಗೆ ಒಂದೇ ಸಲಕ್ಕೆ ತಿಳಿಯುತ್ತದೆ. ಬೆರಳನ್ನು ಒದ್ದೆ ಬಟ್ಟೆಗೆ ಸ್ವಲ್ಪ ಒತ್ತಿ ಒರೆಸಿಕೊಂಡರೆ ಪರದೆ ಸ್ಪಂದಿಸುತ್ತದೆ. ಜೊತೆಗೆ ಸೆಟ್ಟಿಂಗ್ಸ್‌ನಲ್ಲಿ ಒತ್ತಿ ಹಿಡಿಯುವ ಅವಧಿಯನ್ನು ಹೆಚ್ಚಿಸಿ, ಅಕ್ಷರದ ಗಾತ್ರ ದೊಡ್ಡದು ಮಾಡಿ, ಪರದೆ ಆರಿಹೋಗುವ ಸಮಯವನ್ನು ಕೆಲವು ನಿಮಿಷಕ್ಕೆ ಏರಿಸಿ. ಯೋಚಿಸುತ್ತಿರುವಾಗಲೇ ಪರದೆ ಕಪ್ಪಾದರೆ ಎಂಥವರಿಗೂ ಗಾಬರಿಯಾಗುತ್ತದೆ. ಕಲಿಸುವವರನ್ನು ಆರಿಸುವಾಗ ಇದನ್ನೇ ಗಮನಿಸಿ: ಕಲಿಯುವವರ ತಪ್ಪು ಕಂಡಾಗ ಅವರು ಮೊದಲು ಫೋನಿನ ಸೆಟ್ಟಿಂಗ್ ನೋಡುತ್ತಾರೋ, ಇಲ್ಲ ಕಲಿಯುವವರ ತಲೆಯನ್ನು ದೂರುತ್ತಾರೋ?

ಸಂಘದಲ್ಲಿಲ್ಲದವರಿಗೆ, ಗಂಡಸರಿಗೆ, ನಿವೃತ್ತರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಒಳ್ಳೆಯ ಜಾಗ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅರಿವು ಕೇಂದ್ರಗಳೆಂದು ಕರೆಸಿಕೊಳ್ಳುವ ಇವು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ, ಹಲವು ಕಡೆ ಕಂಪ್ಯೂಟರ್, ಇಂಟರ್ನೆಟ್ ಇದೆ. ಮೇಲ್ವಿಚಾರಕರು ಊರಿನವರೇ ಆಗಿದ್ದರೆ ಮೂರು ವಾರದ ಪರೀಕ್ಷೆಯಲ್ಲಿ ಈ ಜಾಗ ಸುಲಭವಾಗಿ ಗೆಲ್ಲುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ತುಂಬಿರುವ ಹೊತ್ತಿನಲ್ಲಿ ಮಾತ್ರ ಹಿರಿಯರು ಒಳಗೆ ಬರಲು ಹಿಂಜರಿಯುತ್ತಾರೆ. ಅವರಿಗೆಂದೇ ಒಂದು ಗಂಟೆ ಮೀಸಲಿಡಲು ಪಂಚಾಯಿತಿಯನ್ನು ಕೇಳಿ.

ತರಬೇತಿ ಕೇಂದ್ರದ ಕೋರ್ಸ್

2017ರಲ್ಲಿ ಶುರುವಾಗಿ 2024ರ ಮಾರ್ಚ್‌ಗೆ ಮುಗಿದ ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದಲ್ಲಿ 20 ಗಂಟೆಗಳ ತರಬೇತಿ ಇತ್ತು, ಮನೆಗೊಬ್ಬರಂತೆ ಆರು ಕೋಟಿ ಕುಟುಂಬಗಳನ್ನು ಮುಟ್ಟುವ ಗುರಿ ಇತ್ತು, ಕೊನೆಗೆ ಪರೀಕ್ಷೆ ಮತ್ತು ಪ್ರಮಾಣಪತ್ರ. ಸೇರಲು ವಯಸ್ಸು 14ರಿಂದ 60. ಅರವತ್ತು ದಾಟಿದವರಿಗೆ, ಅಂದರೆ ಪಿಂಚಣಿಯ ವಿಚಾರ ತಿಳಿಯಬೇಕಾದವರಿಗೆ, ಅಲ್ಲಿ ಜಾಗವಿರಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ಸಂಗತಿ. ಆ ಯೋಜನೆ ಮುಗಿದರೂ ತಾಲ್ಲೂಕು ಕೇಂದ್ರಗಳಲ್ಲಿ ಖಾಸಗಿ ಕಂಪ್ಯೂಟರ್ ತರಗತಿಗಳಿವೆ.

ಕೋರ್ಸ್ ಯಾರಿಗೆ ಬೇಕು? ಕೀಲಿಮಣೆಯೇ ಅನ್ನ ಕೊಡುವವರಿಗೆ. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಲೆಕ್ಕ ಬರೆಯುವ ಮುಖ್ಯ ಪುಸ್ತಕ ಬರಹಗಾರರು, ಪತ್ರ ವ್ಯವಹಾರ ಮಾಡಬೇಕಾದ ಪಂಚಾಯಿತಿ ಸದಸ್ಯರು, ಅಂಗಡಿಯ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಬೇಕೆಂದಿರುವವರು, 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿತು ಕೆಲಸಕ್ಕೆ ಅರ್ಜಿ ಹಾಕುವ ಮೂವತ್ತೈದರ ತಾಯಂದಿರು. ಇವರಿಗೆ ಕ್ರಮಬದ್ಧ ಪಾಠ, ಅಭ್ಯಾಸ, ಪ್ರಮಾಣಪತ್ರ ಮೂರೂ ಬೇಕು. ಖಾತೆಗೆ ದುಡ್ಡು ಬಂತೇ ಎಂದು ನೋಡಬೇಕಾದವರು ಮೌಸ್ ಹಿಡಿದು ಎರಡು ಸಲ ಕ್ಲಿಕ್ ಮಾಡಲು ಹೆಣಗಬೇಕಾಗಿಲ್ಲ. ಮನೆಗೆ ಹೋದರೆ ಅವರ ಕೈಯಲ್ಲಿರುವುದು ಫೋನ್.

ಶುಲ್ಕ ಕಟ್ಟುವ ಮೊದಲು ಕೇಳಿ: ಪಾಠ ನನ್ನ ಫೋನಿನಲ್ಲಿ ನಡೆಯುತ್ತದೆಯೇ? ಕನ್ನಡದಲ್ಲಿ ಹೇಳುತ್ತೀರಾ? ಕೋರ್ಸ್ ಮುಗಿದ ಮೇಲೆ ಮರೆತರೆ ಬಂದು ಕೇಳಬಹುದೇ? ಕೊನೆಯದಕ್ಕೆ ಮುಖ ಅರಳಿಸಿ ಹೌದು ಎನ್ನುವ ಕೇಂದ್ರ ಸಿಕ್ಕರೆ ಸೇರಿ.

ವಿಡಿಯೊಗಳು

ಎರಡನೆಯ ಪಾಠಕ್ಕೆ ಒಳ್ಳೆಯದು, ಮೊದಲನೆಯದಕ್ಕಲ್ಲ. ಮನೆಯಲ್ಲಿರುವುದು ಒಂದೇ ಫೋನ್; ಅದರಲ್ಲೇ ವಿಡಿಯೊ ನೋಡುತ್ತ ಅದರಲ್ಲೇ ಕೆಲಸ ಮಾಡುವುದು ಹೊಸಬರಿಗೆ ಆಗದ ಮಾತು. ವಿಡಿಯೊದ ಪರದೆಯೂ ತಮ್ಮ ಪರದೆಯೂ ಹೊಂದುವುದಿಲ್ಲ. ಇದಕ್ಕಿಂತ ಬಹಳ ಒಳ್ಳೆಯದು, ಅವರದೇ ಫೋನಿನಲ್ಲಿ ಪರದೆಯನ್ನು ದಾಖಲಿಸುತ್ತ ನಿಮ್ಮ ದನಿಯಲ್ಲಿ ಒಂದು ನಿಮಿಷದ ವಿವರಣೆ ಹೇಳಿ ಗ್ಯಾಲರಿಯಲ್ಲಿ ಇಟ್ಟುಕೊಡುವುದು. ಆಂಡ್ರಾಯ್ಡ್ 11ರಿಂದ ಈ ದಾಖಲೆಯ ಸೌಲಭ್ಯ ಫೋನಿನಲ್ಲೇ ಬರುತ್ತದೆ. ಹಣದ ಪುಟಗಳನ್ನು ಮಾತ್ರ ದಾಖಲಿಸಬೇಡಿ.

ಕನ್ನಡವೋ ಇಂಗ್ಲಿಷೋ, ಟೈಪಿಂಗೋ ದನಿಯೋ

ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಬೇಕು ಎಂದು ನನ್ನ ಮನಸ್ಸು ಹೇಳುತ್ತದೆ, ಕನ್ನಡ ಓದಬಲ್ಲವರಿಗೆ ಹಾಗೇ ಮಾಡುತ್ತೇನೆ. 'ಅಳಿಸಿ', 'ರದ್ದುಮಾಡಿ' ಎಂಬುದನ್ನು ಓದಿ ಮುಟ್ಟುವವರು ಊಹಿಸಿ ಮುಟ್ಟುವವರಿಗಿಂತ ಧೈರ್ಯವಾಗಿರುತ್ತಾರೆ. ಆದರೆ ಬದಲಾಯಿಸುವ ಮೊದಲು, ಆಮೇಲೆ ಸಹಾಯಕ್ಕೆ ಬರುವವರನ್ನು ಒಂದು ಮಾತು ಕೇಳಿ. ಮಗನಿಗೆ ಇಂಗ್ಲಿಷ್ ಮೆನು ಮಾತ್ರ ಗೊತ್ತಿದ್ದು, ತಾಯಿಯ ಫೋನ್ ಕನ್ನಡದಲ್ಲಿದ್ದರೆ ಅವನು ಫೋನಿನಲ್ಲಿ ಹೇಳಿಕೊಡಲು ತಡವರಿಸುತ್ತಾನೆ. ಅವನೂ ಕನ್ನಡದ ಮೆನುವನ್ನು ಒಂದು ದಿನ ಬಳಸಿ ನೋಡಿದರೆ ಸಾಕು.

ಬರೆಯುವ ವಿಷಯದಲ್ಲಿ ದನಿಯೇ ಮೇಲು. ಕೀಲಿಮಣೆಯ ಮೈಕ್ ಗುರುತು ಮುಟ್ಟಿ ಕನ್ನಡದಲ್ಲಿ ಮಾತನಾಡಿದರೆ ಅಕ್ಷರ ಮೂಡುತ್ತದೆ. ತಮ್ಮ ಮಾತು ಪರದೆಯ ಮೇಲೆ ಬರಹವಾಗುವುದನ್ನು ಮೊದಲ ಸಲ ನೋಡಿದವರ ಸಂತೋಷ ದೊಡ್ಡದು. ಗ್ರಾಮ್ಯ ಉಚ್ಚಾರಣೆಗೆ ತಪ್ಪುಗಳು ಬರುತ್ತವೆ, ಅವರ ಮಾತಿನಲ್ಲಿ ದೋಷವಿಲ್ಲ, ಯಂತ್ರಕ್ಕೆ ಇನ್ನೂ ಕೇಳಿ ರೂಢಿಯಿಲ್ಲ ಎಂದು ಹೇಳಿ. ಸ್ಮಾರ್ಟ್‌ಫೋನ್ ಬೇಡವೇ ಬೇಡ ಎನ್ನುವವರನ್ನು ಒತ್ತಾಯಿಸಬೇಡಿ. 2022ರಲ್ಲಿ ಬಂದ ಯುಪಿಐ 123ಪೇ ಮೂಲಕ ಸಾದಾ ಫೋನಿನಿಂದಲೂ ಹಣ ಕಳುಹಿಸಬಹುದು.

ಹೆದರಿಸದೆ ಎಚ್ಚರಿಸುವವರನ್ನು ಆರಿಸಿ

ವಂಚನೆಯ ಸುದ್ದಿಗಳನ್ನೇ ಹೇಳಿ ಹೇಳಿ ಕಲಿಯುವವರನ್ನು ಕಂಗೆಡಿಸುವ ಶಿಕ್ಷಕರಿದ್ದಾರೆ. ಹಾಗೆ ಹೆದರಿದವರು ಫೋನ್ ಮುಟ್ಟುವುದನ್ನೇ ಬಿಡುತ್ತಾರೆ. ಪೊಲೀಸರೆಂದು ಗದರಿಸಿ ಕರೆ ಬಂದಾಗ ಮೊದಲು ಬೆದರುವವರೂ ಅವರೇ. ಬೇಕಾಗಿರುವುದು ಖಚಿತವಾದ ನಾಲ್ಕು ಮಾತು. ಯುಪಿಐ ಪಿನ್ ಬೇಕಾಗುವುದು ಹಣ ಕಳುಹಿಸಲು ಮತ್ತು ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು. ಹಣ ಬರಲು ಪಿನ್ ಬೇಡ, ಆದ್ದರಿಂದ ದುಡ್ಡು ಹಾಕುತ್ತೇನೆ ಪಿನ್ ಒತ್ತಿ ಎನ್ನುವವನು ಕಳ್ಳ. ಒಟಿಪಿ ಯಾರಿಗೂ ಹೇಳುವಂಥದ್ದಲ್ಲ. ವಿಡಿಯೊ ಕರೆಯಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಎಂದು ಹೆದರಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ಕಾನೂನಿನಲ್ಲೇ ಇಲ್ಲ. ಹಣ ಹೋದರೆ ಒಂದು ಕ್ಷಣವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಸಂಖ್ಯೆಯನ್ನು ಅವರದೇ ಕೈಯಲ್ಲಿ ಫೋನಿಗೆ ಸೇರಿಸಿಸಿ.

ಹೇಳಿದರೆ ಸಾಲದು, ಮಾಡಿಸಬೇಕು. ಜೋಡಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಒಂದು ರೂಪಾಯಿ ಕಳುಹಿಸಲಿ. ಕಳುಹಿಸಿದವರು ಪಿನ್ ಹಾಕಿದರು, ಪಡೆದವರು ಹಾಕಲಿಲ್ಲ ಎಂಬುದು ಕಣ್ಣಿಗೆ ಕಂಡ ಮೇಲೆ ಮರೆಯುವುದಿಲ್ಲ. ಇನ್ನೊಂದು ಅಭ್ಯಾಸವನ್ನು ಬಹಳ ಶಿಕ್ಷಕರು ಬಿಟ್ಟುಬಿಡುತ್ತಾರೆ: ಮಾತಿನ ನಡುವೆಯೇ ಕರೆ ಕತ್ತರಿಸುವುದು. ನಮ್ಮ ಹಿರಿಯರಿಗೆ ಎದುರಿನವರು ಮಾತನಾಡುತ್ತಿರುವಾಗ ಫೋನ್ ಇಡುವುದು ಮರ್ಯಾದೆಗೇಡು ಎನಿಸುತ್ತದೆ. ಸಾಹೇಬನ ದನಿಯಲ್ಲಿ ಒಬ್ಬರು ಗದರಲಿ, ಇನ್ನೊಬ್ಬರು ಕೆಂಪು ಗುಂಡಿ ಮುಟ್ಟಲಿ. ಮೂರ್ನಾಲ್ಕು ಸಲ ಆಡಿಸಿದರೆ ಕೈಗೆ ಧೈರ್ಯ ಬರುತ್ತದೆ.

ಯಾರಿಗೆ ಯಾವುದು

ಮನೆಯಲ್ಲಿ ತಾಳ್ಮೆಯ ಮೊಮ್ಮಗಳಿದ್ದರೆ ಅಜ್ಜ ಅಜ್ಜಿಗೆ ಮನೆಯೇ ಸಾಕು. ಸಂಘದ ಸದಸ್ಯರಿಗೆ ಸಂಘ, ಅದರಲ್ಲೂ ಹಣದ ಪಾಠ ಅಲ್ಲಿಯೇ. ಮಕ್ಕಳು ದೂರವಿರುವ, ಒಂಟಿಯಾಗಿರುವ ಹಿರಿಯರಿಗೆ ಅರಿವು ಕೇಂದ್ರದ ಜೊತೆಗೆ ವಾರಕ್ಕೊಮ್ಮೆ ಮಕ್ಕಳ ವಿಡಿಯೊ ಕರೆ. ಇವರಿಗೆ ಕಲಿಕೆಯಷ್ಟೇ ಜನರ ಒಡನಾಟವೂ ಬೇಕು. ಕೆಲಸ ಹುಡುಕುವವರಿಗೆ ಕೋರ್ಸ್. ಎರಡು ದಾರಿಗಳನ್ನು ಸೇರಿಸಲು ಹಿಂಜರಿಯಬೇಡಿ: ಸಂಘದಲ್ಲಿ ಗುರುವಾರ ಕಲಿತದ್ದನ್ನು ಮನೆಯಲ್ಲಿ ಭಾನುವಾರ ಮಗನ ಮುಂದೆ ಮಾಡಿ ತೋರಿಸಲಿ, ಮಗ ಕೈಕಟ್ಟಿ ಕೂತು ನೋಡಲಿ.

ಆರಿಸಿದ ದಾರಿ ಸರಿಯಾಯಿತೇ ಎಂದು ತಿಳಿಯಲು ಒಂದು ತಿಂಗಳು ಕೊಡಿ. ಆಮೇಲೆ 'ಕಲಿತಿರಾ' ಎಂದು ಕೇಳಬೇಡಿ, ಹೂಂ ಎಂದೇ ಹೇಳುತ್ತಾರೆ. 'ಈ ವಾರ ನೀವೇ ಏನು ಮಾಡಿದಿರಿ, ಯಾರಿಗಾದರೂ ಹೇಳಿಕೊಟ್ಟಿರಾ' ಎಂದು ಕೇಳಿ. ಉತ್ತರಕ್ಕೆ ತಡವರಿಸಿದರೆ ಜಾಗವನ್ನೋ ಕಲಿಸುವವರನ್ನೋ ಬದಲಾಯಿಸಿ, ಅದೇ ಕೆಲಸದಿಂದ ಮತ್ತೆ ಶುರುಮಾಡಿ.